ಹಿಟ್ಟಿನ ಕೆಮ್ಮು

ಬೀದಿಯವರು ಅವನನ್ನು ಹಿಟ್ಟಣ್ಣ ಎಂದು ಕರೆಯುತ್ತಿದ್ದರು. ಹೆಸರು ಬೇರೆ ಇತ್ತು, ಅದನ್ನು ಕೇಳಿದವರಿಲ್ಲ. ಬೇಕರಿಯಿಂದ ಹೊರಗೆ ಬಂದರೆ ರೆಪ್ಪೆಯ ಮೇಲೂ ಮೈದಾ ಕೂತಿರುತ್ತಿತ್ತು. ಹುಬ್ಬು ನೆರೆಯುವ ಮೊದಲೇ ನೆರೆತಂತೆ ಕಾಣುತ್ತಿದ್ದ. ನಿಜವಾಗಿ ನೆರೆತಾಗ ಯಾರಿಗೂ ಗೊತ್ತೇ ಆಗಲಿಲ್ಲ. ಅವನು ಹಿಟ್ಟಣ್ಣ ಆದ ಮೇಲೆ ಅವನ ಹೆಂಡತಿ ಹಿಟ್ಟಕ್ಕ ಆಗದೆ ಇನ್ನೇನು ಆಗುತ್ತಾಳೆ? ಅಣ್ಣ, ಅಕ್ಕ ಎಂದು ಕರೆಸಿಕೊಳ್ಳುವ ಗಂಡ ಹೆಂಡಿರು ಲೋಕದಲ್ಲಿ ನಾವಿಬ್ಬರೇ ಇರಬೇಕು ಎಂದು ಅವನೇ ನಗುತ್ತಿದ್ದ.

ಬೇಕರಿ ಬೀದಿಯ ತಿರುವಿನಲ್ಲಿತ್ತು. ಒಂದು ಪಕ್ಕ ಬೀಗ ರಿಪೇರಿಯವನು, ಇನ್ನೊಂದು ಪಕ್ಕ ದರ್ಜಿ. ಮುಂದೆ ಗಾಜಿನ ಕಪಾಟು. ಹಿಂದೆ ಇಟ್ಟಿಗೆಯ ಒಲೆ, ಹಿಟ್ಟು ನಾದುವ ಮರದ ತೊಟ್ಟಿ, ಗೋಡೆಗೆ ಒರಗಿಸಿದ ಉದ್ದ ಹಿಡಿಯ ಹಲಗೆ. ಆ ಹಲಗೆಯಿಂದಲೇ ಬ್ರೆಡ್ಡನ್ನು ಒಲೆಗೆ ಬಿಡುವುದು, ಅದರಿಂದಲೇ ತೆಗೆಯುವುದು. ಮೇಲೆ ಎರಡು ಕೋಣೆ. ಒಲೆಯ ಮೇಲಿನ ಕೋಣೆಯ ನೆಲ ಚಳಿಗಾಲದಲ್ಲೂ ಬೆಚ್ಚಗಿರುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಬೆಕ್ಕೂ ಮಲಗುತ್ತಿರಲಿಲ್ಲ.

ಅವನಿಗೆ ಕೆಮ್ಮಿತ್ತು. ಯಾವಾಗಲೂ ಇತ್ತು. ಚೀಲ ಬಿಚ್ಚಿ ಮೈದಾ ಸುರಿದಾಗ ಏಳುವ ಬಿಳಿ ಧೂಳು ನೇರ ಮೂಗಿಗೆ ಹೋಗುತ್ತಿತ್ತು. ಬಟ್ಟೆ ಕಟ್ಟಿಕೊಳ್ಳಿ ಎಂದು ಹೆಂಡತಿ ಹೇಳಿದ್ದೇ ಹೇಳಿದ್ದು, ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೆಮ್ಮದೆ ಇರುವ ಬೇಕರಿಯವನನ್ನು ನಂಬಬೇಡ, ಅವನು ಹಿಟ್ಟು ಮುಟ್ಟಿಯೇ ಇಲ್ಲ ಎನ್ನುತ್ತಿದ್ದ. ಅವನು ಮೆಟ್ಟಿಲು ಹತ್ತುವುದು ಅವಳಿಗೆ ಕೆಮ್ಮಿನಿಂದ ತಿಳಿಯುತ್ತಿತ್ತು. ಗಿರಾಕಿಗಳಿಗೂ ಅಷ್ಟೇ. ಒಳಗಿಂದ ಕೆಮ್ಮು ಕೇಳಿದರೆ ಬ್ರೆಡ್ಡು ಹೊರಗೆ ಬಂತು ಎಂದು ದರ್ಜಿ ಕತ್ತರಿ ಕೆಳಗಿಟ್ಟು ಬರುತ್ತಿದ್ದ.

ಮದುವೆಯಾಗಿ ಬಂದಾಗ ಅವಳಿಗೆ ಈ ಕೆಲಸದ ಗಂಧವೂ ಇರಲಿಲ್ಲ. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಮೊದಲ ಸಲ ತೊಟ್ಟಿಗೆ ಕೈ ಹಾಕಿದಾಗ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಅಳು ಬಂತು. ಅವನು ಬೈಯಲಿಲ್ಲ. ಹಿಟ್ಟಿನ ಜೊತೆ ಜಗಳ ಆಡಬೇಡ, ಅದು ನಿನಗಿಂತ ಹಟಮಾರಿ ಎಂದ. ಅವಳ ಕೈಯ ಮೇಲೆ ತನ್ನ ಕೈ ಇಟ್ಟು ನಾದಿಸಿದ. ಪ್ರೀತಿಯ ಮಾತು ಅವನ ಬಾಯಿಂದ ಬಂದದ್ದು ಅವಳಿಗೆ ನೆನಪಿಲ್ಲ. ಆದರೆ ಪ್ರತಿ ದಿನದ ಮೊದಲ ಬ್ರೆಡ್ಡಿನ ಅಂಚು ಅವಳದು. ಅಂಚು ಗರಿಗರಿ, ಅವಳಿಗೆ ಇಷ್ಟ. ಕೊಯ್ದು ಗಾಜಿನ ಕಪಾಟಿನ ಮೇಲೆ ಇಟ್ಟು ಹೋಗುತ್ತಿದ್ದ. ಇವಳು ತಿಂದಳೋ ಇಲ್ಲವೋ ಎಂದು ತಿರುಗಿ ನೋಡುತ್ತಿರಲಿಲ್ಲ.

ಅವನಿಗೆ ಆಗದೆ ಇದ್ದದ್ದು ಒಂದೇ, ಅವಸರ. ಹಿಟ್ಟು ನಾದಿದ ಮೇಲೆ ಉಬ್ಬುವವರೆಗೆ ಯಾರು ಬಂದು ಕೂಗಿದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. ಪ್ರತಿ ದಿನ ನಾದಿದ ಹಿಟ್ಟಿನಲ್ಲಿ ಒಂದು ಮುದ್ದೆ ತೆಗೆದು, ಒದ್ದೆ ಬಟ್ಟೆ ಮುಚ್ಚಿ, ಮಾರನೆಯ ದಿನಕ್ಕೆ ಎತ್ತಿಡುತ್ತಿದ್ದ. ಅದಕ್ಕೆ ಹೆಪ್ಪು ಎನ್ನುತ್ತಿದ್ದ. ಅಂಗಡಿಯಲ್ಲಿ ಪೊಟ್ಟಣದ ಯೀಸ್ಟ್ ಸಿಗುವ ಕಾಲ ಬಂದರೂ ಬ್ರೆಡ್ಡಿಗೆ ಅವನದು ಹೆಪ್ಪೇ. ನಿನ್ನೆ ಏನು ಮಾಡಿದ್ದೆ ಅನ್ನುವುದು ಇದಕ್ಕೆ ಗೊತ್ತಿರುತ್ತದೆ, ಹೊಸದಾಗಿ ಕಲಿಸಬೇಕಾಗಿಲ್ಲ ಎಂದು ಅದನ್ನು ತಟ್ಟುತ್ತಿದ್ದ.

ಅವನ ಮೈ ಸದಾ ಬಿಸಿ. ದಿನವಿಡೀ ಒಲೆಯ ಬಾಯಿಗೆ ನಿಂತವನ ಮೈ ತಣ್ಣಗೆ ಹೇಗಿದ್ದೀತು? ಕಣ್ಣು ಕೆಂಪು, ಅದು ಹೊಗೆ. ಗಂಟಲು ಒಡಕು, ಅದು ಹಿಟ್ಟು. ಇಷ್ಟನ್ನು ಹೇಳಿದ್ದು ಯಾಕೆಂದರೆ, ಅವನಿಗೆ ಜ್ವರ ಬಂದಾಗ ಇವೇ ಮೂರೂ ಬಂದವು.

ಆ ವರ್ಷ ಫ್ಲೂ ಜ್ವರ ಬೀದಿಗೆ ಬೀದಿಯನ್ನೇ ಹಿಡಿದಿತ್ತು. ಹಿಂದಿನ ಬೀದಿಯ ಆರೋಗ್ಯ ಕೇಂದ್ರದ ನರ್ಸಮ್ಮ ದಿನಾ ಸಂಜೆ ಬ್ರೆಡ್ಡಿಗೆ ಬರುವವಳು. ಬಂದಾಗೆಲ್ಲ ಅದೇ ಮಾತು. ಎಲ್ಲರೂ ನಿನ್ನ ಮುಂದೆ ಬಂದು ಕೆಮ್ಮುತ್ತಾರೆ ಅಣ್ಣ, ಬಂದು ಲಸಿಕೆ ಹಾಕಿಸಿಕೋ. ಹಿಟ್ಟಣ್ಣ ನಾಳೆ ಎನ್ನುತ್ತಿದ್ದ. ಅವನಿಗೆ ಕೆಲವು ವರ್ಷಗಳ ಹಿಂದೆ ಅದೇ ಜ್ವರ ಬಂದು ಹೋಗಿತ್ತು. ಒಂದು ವಾರ ಮಲಗಿ ಎದ್ದಿದ್ದ.

"ಅದನ್ನ ನಾನು ನೋಡಿದ್ದೀನಿ, ನನ್ನ ಅದು ನೋಡಿದೆ. ಇನ್ನೇನು?" ಎಂದ.

ಅದು ವರ್ಷವರ್ಷ ಅಂಗಿ ಬದಲಾಯಿಸಿಕೊಂಡು ಬರುತ್ತದೆ, ಹಳೆಯ ಗುರುತು ಪೂರ್ತಿ ಕೆಲಸಕ್ಕೆ ಬರುವುದಿಲ್ಲ ಎಂದಳು ನರ್ಸಮ್ಮ.

"ಪಕ್ಕದಲ್ಲೇ ದರ್ಜಿ ಇದ್ದಾನೆ. ಹೊಸ ಅಂಗಿ ನೋಡಿ ಮೋಸ ಹೋಗೋನಲ್ಲ ನಾನು" ಎಂದು ಅವಳಿಗೆ ಒಂದು ಬನ್ ಜಾಸ್ತಿ ಕಟ್ಟಿಕೊಟ್ಟ.

ಬೀಗ ರಿಪೇರಿಯವನು ಮಲಗಿದ. ದರ್ಜಿಯ ಮಿಷನ್ ಸದ್ದು ನಿಂತಿತು. ಆಮೇಲೆ ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಹಿಟ್ಟಣ್ಣ ತಾನಾಗಿಯೇ ಎದ್ದು ಆರೋಗ್ಯ ಕೇಂದ್ರಕ್ಕೆ ಹೋದ. ತೋಳು ಮಡಚಿಕೊಂಡು ವಾಪಸ್ಸು ಬಂದು, ಇರುವೆ ಕಚ್ಚಿದಷ್ಟೂ ಇಲ್ಲ, ಇದಕ್ಕೆ ಇಷ್ಟು ದಿನ ಆ ಹೆಣ್ಣುಮಗಳ ಬಾಯಿ ನೋಯಿಸಿದೆ ಎಂದ.

ಮೂರನೆಯ ದಿನ ಕೆಮ್ಮು ಜೋರಾಯಿತು. ಆ ವಾರ ಮೈದಾ ಹೊಸ ಗಿರಣಿಯಿಂದ ಬಂದಿತ್ತು. ಬೂದಿಯಷ್ಟು ನುಣುಪು, ಚೀಲ ಮುಟ್ಟಿದರೆ ಎದ್ದು ಹಾರುತ್ತಿತ್ತು. ಹಾಳು ಮೈದಾ ಎಂದು ಅವನೇ ಹೇಳಿದ. ಬೇಕರಿಯಲ್ಲಿ ಜೊತೆಗೆ ದುಡಿಯುತ್ತಿದ್ದ ಮಗನೂ ಹೌದೆಂದ. ಹೆಂಡತಿ ಹಣೆ ಮುಟ್ಟಿದಳು. ಬಿಸಿ. ಅವನ ಹಣೆ ಯಾವತ್ತು ಬಿಸಿ ಇರಲಿಲ್ಲ? ಅವನು ನಾದಿದ, ಬೇಯಿಸಿದ, ಅಂಚು ಕೊಯ್ದಿಟ್ಟ. ಬೇರೆ ಯಾವ ಮನೆಯಲ್ಲಾದರೂ ಅದನ್ನು ಜ್ವರ ಎನ್ನುತ್ತಿದ್ದರು. ಬೇಕರಿಯ ಮನೆಯಲ್ಲಿ ಅದು ಕೆಲಸ.

ಎರಡು ದಿನ ಹಾಗೇ ಹೋಯಿತು. ಮಾರನೆಯ ಬೆಳಗ್ಗೆ ಒಲೆಯೊಳಗೆ ಬ್ರೆಡ್ಡು ಇರುವಾಗಲೇ ಅವನು ಮೈದಾ ಚೀಲದ ಮೇಲೆ ಕೂತ. ಒಲೆಯಲ್ಲಿ ಬ್ರೆಡ್ಡು ಇರುವಾಗ ಅವನು ಕೂತದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹೆಂಡತಿ ಹತ್ತಿರ ಹೋಗಿ ಮುಖದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಶ್ವಾಸಕೋಶದ ತುಂಬ ಸೋಂಕು ಎಂದರು. ಬೇಗ ತರಬೇಕಿತ್ತು ಎಂದರು. ಅವನು ವಾಪಸ್ಸು ಬರಲಿಲ್ಲ.

ಅಷ್ಟೇ. ಮೂವತ್ತು ವರ್ಷ ಜೊತೆಗಿದ್ದವನು ಹೋಗುವುದಕ್ಕೆ ಒಂದು ವಾರ ಸಾಕಾಯಿತು.

ಹಿಟ್ಟಕ್ಕ ಅಳಲಿಲ್ಲ. ಅಂಗಡಿ ತೆಗೆದಳು. ಮಗ ಒಲೆಗೆ ನಿಂತ, ಅವಳು ಗಾಜಿನ ಕಪಾಟಿನ ಹಿಂದೆ ನಿಂತಳು. ಬಂದವರೆಲ್ಲ ಏನಾಯಿತು ಎಂದು ಕೇಳುತ್ತಿದ್ದರು. ಬ್ರೆಡ್ಡು ಸುತ್ತಿ ಕೊಡುತ್ತಾ ಅವಳು ಒಂದೇ ಮಾತು ಹೇಳುತ್ತಿದ್ದಳು. ಚೆನ್ನಾಗಿದ್ದರು, ಸೂಜಿ ಹಾಕಿಸಿಕೊಂಡರು, ಹೋದರು. ಜನ ಲೊಚಗುಟ್ಟುತ್ತಿದ್ದರು. ಆ ಮಾತು ಬ್ರೆಡ್ಡಿನ ಜೊತೆ ಮನೆಮನೆಗೆ ಹೋಯಿತು. ನರ್ಸಮ್ಮನೂ ಬರುತ್ತಿದ್ದಳು. ಅವಳಿಗೆ ಬ್ರೆಡ್ಡು ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಬೈಯುವುದಕ್ಕೆ ಯಾರಾದರೂ ಒಬ್ಬರು ಇದ್ದರೆ ದಿನ ಹೋಗುತ್ತದೆ. ಅವಳ ದಿನಗಳು ಹಾಗೆ ಹೋದವು.

ಮಾರನೆಯ ವರ್ಷ ಸೊಸೆ ಬಸುರಿಯಾದಳು. ಸೊಸೆಗೆ ಮಾತು ಕಡಿಮೆ. ಆಡಿದ್ದು ಮಾತ್ರ ಸೀದಾ ಹೋಗಿ ನಾಟುತ್ತಿತ್ತು. ಮಾವನಿಗೆ ಅವಳನ್ನು ಕಂಡರೆ ಇಷ್ಟ ಇತ್ತು, ಈ ಹುಡುಗಿಗೆ ಕಾಯುವುದಕ್ಕೆ ಬರುತ್ತದೆ ಎನ್ನುತ್ತಿದ್ದ. ಮನೆಯಲ್ಲಿ ಸಾವಾದ ಮೇಲೆ ಬಂದ ಮೊದಲ ಒಳ್ಳೆಯ ಸುದ್ದಿ. ಹಿಟ್ಟಕ್ಕ ಸೊಸೆಗೆ ಬಗ್ಗುವುದಕ್ಕೆ ಬಿಡಲಿಲ್ಲ, ಎತ್ತುವುದಕ್ಕೆ ಬಿಡಲಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಏಳನೆಯ ತಿಂಗಳಿಗೆ ಬೀಳುವ ಹೊತ್ತಿಗೆ ಬೀದಿಯಲ್ಲಿ ಮತ್ತೆ ಕೆಮ್ಮು ಶುರುವಾಯಿತು.

ತಪಾಸಣೆಗೆ ಹೋದ ಸೊಸೆ ತಣ್ಣಗೆ ವಾಪಸ್ಸು ಬಂದಳು. ಬಸುರಿಯರು ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕಂತೆ ಎಂದಳು.

"ಬೇಡ" ಎಂದಳು ಹಿಟ್ಟಕ್ಕ.

ಬಸುರಿಗೆ ಆ ಜ್ವರ ಬಂದರೆ ಜೋರಾಗಿಯೇ ಬರುತ್ತದಂತೆ ಎಂದಳು ಸೊಸೆ.

"ಆ ಸೂಜಿ ಈ ಮನೇಲಿ ಒಬ್ಬರನ್ನ ತಿಂದಿದೆ. ಇನ್ನೆರಡು ಜೀವ ನಾನು ಕೊಡಲ್ಲ."

ಮಗ ಇಬ್ಬರ ಮುಖ ನೋಡಿದ. ಒಲೆ ನೋಡಬೇಕು ಎಂದು ಕೆಳಗೆ ಇಳಿದ. ಒಲೆ ಆಗ ಆರಿತ್ತು.

ಸೊಸೆ ಎದುರಾಡಲಿಲ್ಲ. ಆದರೆ ಅಂದಿನಿಂದ ಗಿರಾಕಿ ಯಾರಾದರೂ ಕೆಮ್ಮಿದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿಯುತ್ತಿದ್ದಳು. ಹಿಟ್ಟಕ್ಕ ಅದನ್ನು ನೋಡುತ್ತಿದ್ದಳು. ಅವಳಿಗೆ ಎರಡೂ ಕಡೆ ಭಯ. ಹಾಕಿಸಿದರೆ ಸೂಜಿ, ಬಿಟ್ಟರೆ ಜ್ವರ. ಗಂಡನ ಮೇಲೆ ಸಿಟ್ಟು ಬರುತ್ತಿತ್ತು. ಬದುಕಿದ್ದಿದ್ದರೆ ಇದನ್ನು ಅವನ ತಲೆಗೆ ಕಟ್ಟಬಹುದಿತ್ತು.

ನರ್ಸಮ್ಮ ಒಂದು ಸಂಜೆ ಬ್ರೆಡ್ಡು ತೆಗೆದುಕೊಂಡ ಮೇಲೂ ಹೋಗಲಿಲ್ಲ. ಗಾಜಿನ ಕಪಾಟಿನ ಈಚೆಗೆ ನಿಂತೇ ಇದ್ದಳು. ಹಿಟ್ಟಕ್ಕ ಕಪಾಟನ್ನು ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸಿದಳು. ಕೊನೆಗೆ, ಹೇಳುವುದಿದ್ದರೆ ಹೇಳಿ ಹೋಗು ಎಂದಳು.

ನರ್ಸಮ್ಮ ಹೇಳಿದಳು. ಲಸಿಕೆಯಲ್ಲಿ ಇರುವುದು ಜೀವವಿಲ್ಲದ ರೋಗಾಣುವಿನ ಚೂರು, ಅದರಿಂದ ಜ್ವರ ಹತ್ತುವುದಿಲ್ಲ. ತೋಳು ನೋಯಬಹುದು, ಒಂದು ದಿನ ಮೈ ಬೆಚ್ಚಗಾಗಬಹುದು, ಅಷ್ಟೇ. ಆ ಚೂರನ್ನು ನೋಡಿ ಮೈ ತಾನೇ ಒಂದು ವಸ್ತು ತಯಾರು ಮಾಡಿಕೊಳ್ಳುತ್ತದೆ. ಅದಕ್ಕೆ ಪ್ರತಿಕಾಯ ಎನ್ನುತ್ತಾರೆ. ರೋಗಾಣು ಗಂಟಲಿಗೋ ಎದೆಗೋ ಬಂದು ಒಳಗಿನ ಗೋಡೆಯನ್ನು ಹಿಡಿದುಕೊಂಡರೆ ತಾನೆ ಒಳನುಗ್ಗುವುದು? ಈ ಪ್ರತಿಕಾಯಗಳು ಹೋಗಿ ಅದರ ಹಿಡಿಯುವ ಕೈಗೇ ಅಂಟಿಕೊಳ್ಳುತ್ತವೆ. ಹಿಡಿತ ಸಿಗದೆ ಅದು ಸುಮ್ಮನೆ ತೇಲುತ್ತದೆ. ಆಮೇಲೆ ಮೈಯ ಬೇರೆ ಕಾವಲಿನವು ಬಂದು ಅದನ್ನು ನುಂಗಿಹಾಕುತ್ತವೆ.

"ಅಷ್ಟೆಲ್ಲ ಮಾಡುತ್ತಾ? ಹಾಗಾದ್ರೆ ನಮ್ಮನೆಯವ್ರಿಗೆ ಯಾಕೆ ಮಾಡಲಿಲ್ಲ?"

ಸಮಯ ಸಿಗಲಿಲ್ಲ ಅಕ್ಕಾ ಎಂದಳು ನರ್ಸಮ್ಮ. ಸೂಜಿ ಹಾಕಿದ ಕೂಡಲೇ ಪ್ರತಿಕಾಯ ಇರುವುದಿಲ್ಲ. ಮೈ ಅದನ್ನು ಮಾಡಬೇಕು. ಸಾಕಷ್ಟು ಮಾಡುವುದಕ್ಕೆ ಎರಡು ವಾರ ಹಿಡಿಯುತ್ತದೆ.

ಹಿಟ್ಟಕ್ಕ ಮೂಗು ಮುರಿದಳು. ಎರಡು ವಾರ ಅಂತೆ. ಸತ್ತವರ ಮೇಲೆ ಏನು ಬೇಕಾದರೂ ಹೇಳಬಹುದು, ಎದ್ದು ಬಂದು ಅಲ್ಲ ಅನ್ನುವುದಿಲ್ಲವಲ್ಲ ಎಂದಳು. ನರ್ಸಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಬ್ರೆಡ್ಡು ಎದೆಗೆ ಅವಚಿಕೊಂಡು ಹೋದಳು. ಒಳಗೆ ಬನ್ನುಗಳನ್ನು ಸಾಲಾಗಿ ಇಡುತ್ತಿದ್ದ ಸೊಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆ ವಾರದಲ್ಲೇ ಮಗನಿಂದ ಒಂದು ಎಡವಟ್ಟಾಯಿತು. ಹತ್ತಿರದ ಕಾರ್ಖಾನೆಯವರು ಬೆಳಗಿನ ಪಾಳಿಗೆಂದು ಜಾಸ್ತಿ ಬ್ರೆಡ್ಡು ಕೇಳಿದ್ದರು. ಮಗ ಏಳುವುದು ತಡವಾಯಿತು. ಗಾಡಿ ಬಂದು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯತೊಡಗಿತು. ಅವನು ಹಿಟ್ಟು ನಾದಿದವನೇ, ಉಬ್ಬಲು ಬಿಡದೆ ಟಿನ್ನುಗಳಿಗೆ ತುಂಬಿ ಒಲೆಗೆ ತಳ್ಳಿದ. ಹೊರಗೆ ಬಂದವು ಬ್ರೆಡ್ಡಲ್ಲ, ಇಟ್ಟಿಗೆ. ಒಂದನ್ನು ನೆಲಕ್ಕೆ ಬಿಟ್ಟರೆ ಠಣ್ ಎಂದಿತು. ಮಗ ತಲೆ ಕೆಟ್ಟು ಹೆಪ್ಪನ್ನು ಬೈದ. ಹೆಪ್ಪು ಹಳಸಿದೆ, ಅಪ್ಪ ಹೋದ ಮೇಲೆ ಅದೂ ಸತ್ತಿದೆ, ಬಿಸಾಡು ಅತ್ತ ಎಂದು ಹೆಪ್ಪಿನ ಮಡಕೆಗೆ ಕೈ ಹಾಕಿದ.

ಹಿಟ್ಟಕ್ಕ ಅವನ ಕೈ ಹಿಡಿದಳು.

"ಹೆಪ್ಪಿಗೆ ಏನಾಗಿದೆಯೋ? ನೀನು ಅದಕ್ಕೆ ಹೊತ್ತು ಕೊಟ್ಟೆಯೇನೋ? ಹಾಕಿದ ಕೂಡಲೇ ಉಬ್ಬು ಅಂದ್ರೆ ಯಾವುದು ಉಬ್ಬುತ್ತೆ? ತಡ ಮಾಡಿದೋನು ನೀನು, ಬೈಸಿಕೊಳ್ಳೋದು ಅದಾ?"

ಗಾಡಿಯವನು ಹಾರ್ನ್ ನಿಲ್ಲಿಸಿ ಇಣುಕಿ ನೋಡಿದ. ಮಗ ತಲೆ ತಗ್ಗಿಸಿದ. ಸೊಸೆ ಕೈಯಲ್ಲಿದ್ದ ಟಿನ್ನನ್ನು ಮೆಲ್ಲಗೆ ಕೆಳಗಿಟ್ಟಳು.

"ಮಾವನಿಗೂ ಹಂಗೇ ಆಗಿದ್ದಲ್ವಾ ಅತ್ತೆ?" ಎಂದಳು.

ಹಿಟ್ಟಕ್ಕ ಸೊಸೆಯನ್ನು ನೋಡಿದಳು. ಕೈ ಎತ್ತಿ ಹೊಡೆಯುತ್ತಾಳೇನೋ ಎಂದು ಮಗನಿಗೆ ಹೆದರಿಕೆಯಾಯಿತು. ಅವಳು ಹೊಡೆಯಲಿಲ್ಲ. ಗಟ್ಟಿ ಬ್ರೆಡ್ಡುಗಳನ್ನು ಒಂದೊಂದಾಗಿ ಗೋಣಿಗೆ ಹಾಕಿದಳು, ಗಾಡಿಯವನಿಗೆ ಮಧ್ಯಾಹ್ನ ಬಾ ಎಂದಳು, ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಅವಳು ಏನು ಯೋಚಿಸಿದಳು ಎಂದರೆ, ಯೋಚಿಸಲೇ ಇಲ್ಲ. ಬೆಚ್ಚಗಿನ ನೆಲದ ಮೇಲೆ ಕೂತಳು. ಒಂದು ವರ್ಷದಿಂದ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ ಒಂದು ವಸ್ತುವನ್ನು ಯಾರೋ ಕೈಯಿಂದ ತೆಗೆದುಕೊಂಡು ಹೋದ ಹಾಗಿತ್ತು. ಸೂಜಿಯದು ತಪ್ಪಲ್ಲದಿದ್ದರೆ ಇನ್ನು ಯಾರನ್ನು ಬೈಯಬೇಕು? ಮೈದಾವನ್ನೇ? ನಾಳೆ ನಾಳೆ ಎಂದವನನ್ನೇ? ಬೈದರೆ ಕೇಳಿಸಿಕೊಳ್ಳುವುದಕ್ಕೆ ಅವನೆಲ್ಲಿದ್ದಾನೆ?

ಮಧ್ಯಾಹ್ನ ಅವಳು ಒಬ್ಬಳೇ ಆರೋಗ್ಯ ಕೇಂದ್ರಕ್ಕೆ ಹೋದಳು. ಉದ್ದ ಬೆಂಚಿನ ಮೇಲೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಕೂತಿದ್ದರು. ಡೆಟಾಲ್ ವಾಸನೆ. ನರ್ಸಮ್ಮ ಇವಳನ್ನು ಕಂಡು ಕೈಯಲ್ಲಿದ್ದ ಹತ್ತಿಯನ್ನು ಹಾಗೇ ಹಿಡಿದು ನಿಂತಳು. ಹಿಟ್ಟಕ್ಕ ಕುಶಲ ಕೇಳಲಿಲ್ಲ.

"ನೀನು ಸೂಜಿ ಹಾಕಿದ ದಿನ ಅವರ ಮೈಯೊಳಗೆ ಆಗಲೇ ಜ್ವರ ಇತ್ತಾ? ನನ್ನ ಸಮಾಧಾನಕ್ಕೆ ಹೇಳಬೇಡ."

ನರ್ಸಮ್ಮ ಆಣೆ ಮಾಡಿ ಹೇಳಲಾರೆ ಎಂದಳು. ಆ ರೋಗಾಣು ಒಳಗೆ ಹೊಕ್ಕು ಒಂದೆರಡು ದಿನ ಸದ್ದಿಲ್ಲದೆ ಇರುತ್ತದೆ. ಆಗಲೇ ಇದ್ದಿರಬಹುದು, ಆಮೇಲೆ ಗಿರಾಕಿಯೊಬ್ಬರಿಂದ ಬಂದಿರಲೂಬಹುದು. ಎರಡರಲ್ಲಿ ಯಾವುದಾದರೂ ಅವನ ಮೈಗೆ ಸಿಕ್ಕಿದ್ದು ಎರಡು ಮೂರು ದಿನ. ಹಳೆಯ ಜ್ವರದ ನೆನಪು ಮೈಯಲ್ಲಿ ಇದ್ದೇ ಇತ್ತು, ಇದ್ದರೆ ಹೊಸ ಪ್ರತಿಕಾಯ ಬೇಗ ಬೇಗ ತಯಾರಾಗುತ್ತವೆ. ಆದರೆ ಆ ವರ್ಷದ್ದರ ವೇಷ ತುಂಬ ಬದಲಾಗಿತ್ತು, ಹಳೆಯ ನೆನಪು ಅದನ್ನು ಗುರುತು ಹಿಡಿದಿರಲಿಕ್ಕಿಲ್ಲ. ಇಷ್ಟು ಹೇಳಿ ನರ್ಸಮ್ಮ ಹತ್ತಿಯನ್ನು ಬುಟ್ಟಿಗೆ ಹಾಕಿದಳು. ಅಣ್ಣನ ಕೈ ಹಿಡಿದು ಇನ್ನೂ ಒಂದು ತಿಂಗಳು ಮುಂಚೆ ಎಳೆದು ತಂದಿದ್ದರೆ ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ ಎಂದಳು.

ಅವಳ ಕಣ್ಣಲ್ಲಿ ನೀರಿತ್ತು. ಹಿಟ್ಟಕ್ಕನಿಗೆ ಇದು ಗೊತ್ತಿರಲಿಲ್ಲ. ಅವನಿಗಾಗಿ ಇನ್ನೊಬ್ಬರು ಕೂಡ ಕೊರಗಿದ್ದಾರೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಹುಟ್ಟಲಿರುವ ಮಗುವಿನ ಕಥೆ ಏನು ಎಂದು ಕೇಳಿದಳು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಈ ಲಸಿಕೆ ಹಾಕುವಂತಿಲ್ಲ ಎಂದಳು ನರ್ಸಮ್ಮ. ಆದರೆ ಈಗ ತಾಯಿಗೆ ಹಾಕಿದರೆ, ತಾಯಿಯ ಮೈ ಮಾಡಿದ ಪ್ರತಿಕಾಯಗಳು ರಕ್ತದಲ್ಲಿ ಹರಿದು ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತವೆ. ಹುಟ್ಟುವಾಗಲೇ ಅಮ್ಮ ಕಟ್ಟಿಕೊಟ್ಟ ಬುತ್ತಿ ಅದರ ಜೊತೆ ಇರುತ್ತದೆ. ಹಾಲಿನಲ್ಲೂ ಒಂದಿಷ್ಟು ಸಿಗುತ್ತದೆ.

"ಹಾಕಿಸಿದ್ರೆ ಬರೋದೇ ಇಲ್ಲ ಅಂತೀಯಾ?"

"ಹಂಗಂತ ಹೇಳಲ್ಲ ಅಕ್ಕಾ. ಬಂದ್ರೂ ಬರಬಹುದು. ನೆಲ ಹಿಡಿಸೋಕೆ ಲಸಿಕೆ ಅಷ್ಟು ಸುಲಭಕ್ಕೆ ಬಿಡಲ್ಲ ಅಂತ ಹೇಳ್ತೀನಿ."

ಬರುವುದೇ ಇಲ್ಲ ಎಂದಿದ್ದರೆ ಹಿಟ್ಟಕ್ಕ ನಂಬುತ್ತಿರಲಿಲ್ಲ. ಸಂಜೆ ಒಲೆ ಆರಿಸಿ ಮಗ, ಸೊಸೆ ಇಬ್ಬರನ್ನೂ ಹೊರಡಿಸಿಕೊಂಡು ಹೋದಳು. ಸೊಸೆ ತೋಳು ಕೊಡುವಾಗ ಅತ್ತೆಯ ಕೈ ಹಿಡಿದುಕೊಂಡಳು. ಹಿಡಿದದ್ದು ಸೊಸೆ, ಕಣ್ಣು ಮುಚ್ಚಿಕೊಂಡದ್ದು ಅತ್ತೆ. ಆಮೇಲೆ ಮಗ ಹಾಕಿಸಿಕೊಂಡ. ಕೊನೆಗೆ ಹಿಟ್ಟಕ್ಕ ತಾನೂ ಕೂತು ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ನಿಜವಾಗಿಯೂ ಇರುವೆ ಕಚ್ಚಿದಷ್ಟೂ ಇರಲಿಲ್ಲ.

ಅಂದಿನಿಂದ ಎರಡು ವಾರ ಬೇಕರಿಯಲ್ಲಿ ಅವಳದೇ ದರ್ಬಾರು. ಸೊಸೆ ಕೆಳಗೆ ಇಳಿಯುವಂತಿಲ್ಲ. ಇನ್ನೂ ಆಗಿಲ್ಲ, ತಯಾರಾಗುತ್ತಾ ಇದೆ, ಅಷ್ಟರಲ್ಲಿ ಯಾವನಾದರೂ ಬಂದು ಕೆಡಿಸಿಯಾನು ಎಂದಳು. ಕೆಮ್ಮುವವರು ಅಂಗಡಿಯ ಮುಂದಿನ ಮೆಟ್ಟಿಲ ಕೆಳಗೇ ನಿಲ್ಲಬೇಕು, ಅವಳೇ ಬ್ರೆಡ್ಡು ಹೊರಗೆ ತಂದು ಕೊಡುತ್ತಾಳೆ. ಸೀನಿದವರಿಗೆ ಸೀನಿದ್ದಕ್ಕೆ ಬೈಗುಳ. ಬೀಗ ರಿಪೇರಿಯವನು ಗಂಟಲು ಸರಿಮಾಡಿಕೊಂಡದ್ದಕ್ಕೇ ಬೈಸಿಕೊಂಡ. ಅಕ್ಕಾ, ನಾನು ಮಾತಾಡುವುದಕ್ಕೆ ಶುರುಮಾಡಿದ್ದು ಅಷ್ಟೇ ಎಂದ. ಸನ್ನೆ ಮಾಡು, ಗೊತ್ತಾಗುತ್ತದೆ ಎಂದಳು.

ದರ್ಜಿಗೆ ಇದು ಸೋಜಿಗವಾಯಿತು. ಒಂದು ದಿನ ಅಂಗಡಿ ತುಂಬ ಜನ ಇರುವಾಗಲೇ ಕೇಳಿಬಿಟ್ಟ.

"ಏನಕ್ಕಾ, ಹಿಟ್ಟಣ್ಣನ್ನ ಆ ಸೂಜಿನೇ ತಿಂತು ಅಂತಿದ್ದೆ. ಈಗ ಸೊಸೆಗೇ ಚುಚ್ಚಿಸಿಕೊಂಡು ಬಂದ್ಯಂತೆ? ನಿನ್ನ ಮಾತು ಕೇಳಿ ನಾನು ನಮ್ಮಮ್ಮನ್ನ ಕರ್ಕೊಂಡು ಹೋಗೇ ಇಲ್ಲ."

ಹಿಟ್ಟಕ್ಕ ಬ್ರೆಡ್ಡು ಕೊಯ್ಯುತ್ತಿದ್ದಳು. ಚಾಕು ನಿಂತಿತು. ದರ್ಜಿಯ ತಾಯಿಗೆ ವಯಸ್ಸಾಗಿತ್ತು, ಆಸ್ತಮಾ ಇತ್ತು. ತನ್ನ ಮಾತು ಎಲ್ಲೆಲ್ಲಿಗೆ ಹೋಗಿ ಕೂತಿದೆ ಎಂದು ಅವಳು ಲೆಕ್ಕ ಹಾಕಿರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಅವಳ ಬಾಯಿ ನೋಡುತ್ತಿದ್ದರು.

"ಸೂಜಿ ತಿನ್ನಲಿಲ್ಲ ಕಣಪ್ಪ, ಜ್ವರ ತಿಂತು. ಸೂಜಿ ತಡವಾಯ್ತು. ನನಗೆ ಯಾರನ್ನಾದ್ರೂ ಬೈಬೇಕಿತ್ತು, ಬೈದೆ" ಎಂದಳು. ಮತ್ತೆ ಬ್ರೆಡ್ಡು ಕೊಯ್ಯತೊಡಗಿ, "ನಿಮ್ಮಮ್ಮನ್ನ ಇವತ್ತೇ ಕರ್ಕೊಂಡು ಹೋಗು. ಬ್ರೆಡ್ಡು ಎಲ್ಲಿಗೂ ಓಡಿಹೋಗಲ್ಲ" ಎಂದಳು.

ದರ್ಜಿ ಹೋದ. ಬ್ರೆಡ್ಡು ಮರೆತೇ ಹೋದ. ಹಿಟ್ಟಕ್ಕ ಅದನ್ನು ಕಾಗದದಲ್ಲಿ ಸುತ್ತಿ ಅವನ ಅಂಗಡಿಯ ಮಿಷನ್ ಮೇಲೆ ಇಟ್ಟು ಬಂದಳು.

ಸೊಸೆಗೆ ಹೆಣ್ಣು ಮಗುವಾಯಿತು. ಚಳಿ ಇನ್ನೂ ಹೋಗಿರಲಿಲ್ಲ, ಕೆಮ್ಮೂ ಹೋಗಿರಲಿಲ್ಲ. ಮಗುವಿಗೆ ಒಂದು ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಮಗ ಕಾರ್ಖಾನೆಗೆ ಬ್ರೆಡ್ಡು ಕೊಟ್ಟು ಬಂದವನು ಮೈ ಕೈ ನೋವು ಎಂದ. ಒಮ್ಮೆ ಕೆಮ್ಮಿದ. ಹಿಟ್ಟಕ್ಕ ಆ ಕೆಮ್ಮನ್ನು ಹಿಟ್ಟಿನದು ಎನ್ನಲಿಲ್ಲ. ಅವನನ್ನು ಮುಂದಿನ ಕೋಣೆಗೆ ತಳ್ಳಿ, ತಾಯಿ ಮಗುವನ್ನು ಹಿಂದಿನ ಕೋಣೆಗೆ ಕಳಿಸಿ, ನಡುವಿನ ಬಾಗಿಲು ಹಾಕಿದಳು. ಅಂಗಡಿಗೆ ಬೀಗ ಹಾಕಿ ನರ್ಸಮ್ಮನನ್ನು ಕರೆದುಕೊಂಡು ಬಂದಳು. ಫ್ಲೂ ಜ್ವರವೇ ಇರಬೇಕು ಎಂದಳು ನರ್ಸಮ್ಮ. ಡಾಕ್ಟರಿಂದ ಮಾತ್ರೆ ತಂದುಕೊಟ್ಟಳು. ಮಗುವಿನಲ್ಲಿ ಏನು ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು ಎಂದು ಬಿಡಿಸಿ ಹೇಳಿದಳು. ಹಾಲು ಬಿಟ್ಟರೆ, ಉಸಿರಿಗೆ ಪಕ್ಕೆ ಒಳಗೆ ಎಳೆದರೆ, ಮೈ ಕಾದರೆ, ಮಂಕಾದರೆ. ಹಿಟ್ಟಕ್ಕ ಬಾಯಲ್ಲಿ ಹೇಳಿಕೊಂಡು ಹೇಳಿಕೊಂಡು ಅದನ್ನು ಕಲಿತಳು.

ಮಾರನೆಯ ದಿನ ಮಗುವಿನ ಮೂಗು ಸೋರಿತು. ಅಂಗೈ ಇಟ್ಟು ನೋಡುವುದನ್ನು ಹಿಟ್ಟಕ್ಕ ನಂಬಲಿಲ್ಲ. ಬಿಸಿಯ ವಿಷಯದಲ್ಲಿ ಆ ಕೈ ಒಮ್ಮೆ ಮೋಸ ಹೋದದ್ದು. ನರ್ಸಮ್ಮ ಕೊಟ್ಟ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟು, ಸೊಸೆಯಿಂದ ಓದಿಸಿದಳು. ಜ್ವರ ಇರಲಿಲ್ಲ. ಆದರೂ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದರು. ಎದೆ ಸ್ವಚ್ಛವಾಗಿದೆ ಎಂದರು ಡಾಕ್ಟರು. ತಾಯಿ ಲಸಿಕೆ ಹಾಕಿಸಿಕೊಂಡಿದ್ದಾಳಾ ಎಂದು ಕೇಳಿದರು, ಹೌದು ಎಂದದ್ದಕ್ಕೆ ಒಳ್ಳೆಯದು ಮಾಡಿದಿರಿ, ಹಾಲು ಬಿಡಬೇಡಿ, ನೋಡುತ್ತಾ ಇರಿ ಎಂದರು.

ನೋಡುತ್ತಾ ಇದ್ದರು. ಹಿಟ್ಟಕ್ಕ ಗೋಡೆಗೆ ಒರಗಿ ಕೂತು ಆ ಪುಟ್ಟ ಪಕ್ಕೆ ಏಳುವುದನ್ನೂ ಇಳಿಯುವುದನ್ನೂ ನೋಡಿದಳು. ಆ ಮೈಯೊಳಗೆ ಈಗ ಏನು ನಡೆಯುತ್ತಿದೆಯೋ ಅವಳಿಗೆ ಕಾಣುವಂತಿರಲಿಲ್ಲ. ಸೊಸೆಯ ಮೈಯಿಂದ ಹೋದವು ಅಲ್ಲಿ ಇರಬೇಕು, ಹಿಡಿಯಲು ಬಂದ ಕೈಗಳಿಗೆ ಅಂಟಿಕೊಳ್ಳುತ್ತಿರಬೇಕು. ಮೂರು ದಿನಕ್ಕೆ ಮೂಗು ಸೋರುವುದು ನಿಂತಿತು. ನಾಲ್ಕನೆಯ ದಿನ ಮಗು ಕಾಲು ಒದರಿ, ಬೀದಿಗೆ ಕೇಳುವಂತೆ ಕಿರುಚಿ, ಎಂದಿನಂತೆ ಹಾಲಿಗೆ ಬಾಯಿ ಹಾಕಿತು.

ಆಗ ಹಿಟ್ಟಕ್ಕ ಅತ್ತಳು. ಗಂಡ ಸತ್ತಾಗ ಅಳದೆ ಇದ್ದದ್ದೂ ಸೇರಿಕೊಂಡು ಬಂತು. ಸೊಸೆ ಗಾಬರಿಯಾಗಿ, ಮಗು ಚೆನ್ನಾಗಿದೆಯಲ್ಲ ಅತ್ತೆ, ಯಾಕೆ ಎಂದಳು.

"ಅವರಿಗೆ ಎರಡು ವಾರ ಸಿಕ್ಕಿದ್ದಿದ್ರೆ ಇದನ್ನ ಎತ್ತಿ ಆಡಿಸ್ತಿದ್ರು ಕಣೇ. ಅಷ್ಟೇ. ಎರಡೇ ವಾರ."

ಸೊಸೆ ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಇಟ್ಟಳು.

ಮುಂದಿನ ಕೋಣೆಯಿಂದ ಮಗನ ಗೊಗ್ಗರು ದನಿ ಕೇಳಿತು. ನಾಲ್ಕು ದಿನದಿಂದ ಎಲ್ಲರೂ ಮಗುವಿನ ಸುತ್ತಲೇ ಇದ್ದೀರಲ್ಲ, ಇಲ್ಲಿ ಒಬ್ಬ ಮಲಗಿದ್ದಾನೆ, ಅವನನ್ನೂ ಕೇಳುವವರಿದ್ದಾರಾ ಎಂದ.

ಹಿಟ್ಟಕ್ಕ ಕಣ್ಣೊರೆಸಿಕೊಂಡಳು. ನಿನ್ನೆಯೇ ಅವನ ಜ್ವರ ಇಳಿದಿತ್ತು. ನರ್ಸಮ್ಮ ಬಂದು ಎದೆ ನೋಡಿ ಹೋಗಿದ್ದಳು.

"ನೀನು ಸಾಯಲ್ಲ. ಸುಮ್ನೆ ಮಲಕ್ಕೋ" ಎಂದಳು.